ಉದ್ದ ಲೆನ್ಸು, ಮೂಡಲಗಿಯ ಧೂಳು ಮತ್ತು ನಮ್ಮ ಅತ್ತೆ

ನಾನು ಮೊದಲ ಸಲ ತೆಗೆದ ಬೈಕ್ ರೇಸಿನ ಫೋಟೋವನ್ನು ದೊಡ್ಡ ಫ್ಲೆಕ್ಸ್ ಮಾಡಿಸಿ ಗೋಕಾಕದ ಬಸ್ ನಿಲ್ದಾಣದ ಎದುರಿಗೆ ಕಟ್ಟಿದ್ದರು. ಕೆಳಗಿನ ಮೂಲೆಯಲ್ಲಿ ನನ್ನ ಸ್ಟುಡಿಯೋದ ಹೆಸರೂ ಇತ್ತು. ಮೂರನೆಯ ದಿನ ಹಿರಿಯರೊಬ್ಬರು ಆ ಹೆಸರು ಹುಡುಕಿಕೊಂಡು ಬಂದು, ಬಾಗಿಲಲ್ಲೇ ನಿಂತು, “ಆ ನೊಣದ ಔಷಧ ನಿಮ್ಮಲ್ಲೇ ಸಿಗತೈತೇನ್ರಿ?” ಎಂದು ಕೇಳಿದರು.

ತಪ್ಪು ಅವರದಲ್ಲ. ಫ್ಲೆಕ್ಸಿನ ತುಂಬ ಬೂದು ಬಣ್ಣದ ಧೂಳು, ಅದರ ನಡುವೆ ಮೂರು ಕಪ್ಪು ಚುಕ್ಕೆ. ಆ ಚುಕ್ಕೆಗಳು ಕೊಲ್ಹಾಪುರ, ಬೆಳಗಾವಿ ಮತ್ತು ಹುಕ್ಕೇರಿಯ ಮೂವರು ಸವಾರರು ಎಂಬುದು ನನಗೆ ಗೊತ್ತಿತ್ತು, ರೇಸ್ ನಡೆಸಿದವರಿಗೆ ಗೊತ್ತಿತ್ತು. ಆ ಮೂವರನ್ನು ಹೆತ್ತವರು ಬಂದು ನೋಡಿದ್ದರೂ ಗುರುತು ಹಿಡಿಯುತ್ತಿರಲಿಲ್ಲ.

ನನ್ನ ಕಸುಬು ಪಾಸ್‌ಪೋರ್ಟ್ ಅಳತೆಯ ಫೋಟೋ. ಜೊತೆಗೆ ಸೀಮಂತ, ತೊಟ್ಟಿಲು, ಸಣ್ಣಪುಟ್ಟ ಮದುವೆ. ಹದಿನೆಂಟು ವರ್ಷಗಳಿಂದ ಬಿಳಿ ಪರದೆಯ ಮುಂದೆ ಜನರನ್ನು ಸ್ಟೂಲಿನ ಮೇಲೆ ಕೂರಿಸಿ, “ಗದ್ದ ಸ್ವಲ್ಪ ಮ್ಯಾಲೆ, ಕಣ್ಣ ಮುಚ್ಚಬ್ಯಾಡ್ರಿ” ಎಂದು ಹೇಳುತ್ತ ಬಂದವಳು. ನನ್ನ ಕ್ಯಾಮೆರಾದ ಮುಂದೆ ಅತಿ ವೇಗವಾಗಿ ಚಲಿಸಿದ್ದು ಎಂದರೆ ತೊಟ್ಟಿಲು.

ಸ್ಟುಡಿಯೋ ಇರುವುದು ನಮ್ಮ ಮನೆತನದ ಮೋಟಾರ್ ಬಿಡಿಭಾಗಗಳ ಅಂಗಡಿಯ ಅರ್ಧದಲ್ಲಿ. ಉಳಿದ ಅರ್ಧ ನಮ್ಮ ಅತ್ತೆಯದು. ಮಾವ ತೀರಿಕೊಂಡ ಮೇಲೆ ಮೂವತ್ತು ವರ್ಷ ಅವರೇ ಅದನ್ನು ನಡೆಸಿದ್ದಾರೆ. ಮಗ, ಅಂದರೆ ನನ್ನ ಗಂಡ, ಕಾಲೇಜಿನಲ್ಲಿ ಗಣಿತ ಹೇಳುತ್ತಾರೆ. ಅವರಿಗೆ ಸ್ಪ್ಯಾನರು ಮತ್ತು ಸ್ಕ್ರೂಡ್ರೈವರಿನ ವ್ಯತ್ಯಾಸ ಗೊತ್ತಿರುವುದು ಪುಸ್ತಕದಿಂದ. ಅತ್ತೆ ನೀರು ಸೋಸಿ ಕುಡಿಯುವ, ಉಳ್ಳಾಗಡ್ಡಿ ಮುಟ್ಟದ, ಸೂರ್ಯ ಮುಳುಗಿದ ಮೇಲೆ ಒಂದು ತುತ್ತೂ ಬಾಯಿಗೆ ಹಾಕದ ಜೈನ ಹೆಂಗಸು. ಆದರೆ ಗಲ್ಲೆಯ ಮೇಲೆ, ಹಣದ ಪೆಟ್ಟಿಗೆಯ ಮುಂದೆ, ಕೂತಲ್ಲಿಂದಲೇ ರಸ್ತೆಯಲ್ಲಿ ಹೋಗುವ ಬೈಕಿನ ಸದ್ದು ಕೇಳಿ, “ಕ್ಲಚ್ ಪ್ಲೇಟ್ ಹೋಗೇತಿ, ನಾಳೆ ಬರ್ತಾನ” ಎನ್ನುತ್ತಾರೆ. ಅವನು ಮರುದಿನ ಬರುತ್ತಾನೆ.

ರೇಸು ನನಗೆ ಗಂಟು ಬಿದ್ದಿದ್ದು ಅವರಿಂದಲೇ. ಮೂಡಲಗಿಯ ಒಬ್ಬ ಗ್ಯಾರೇಜಿನವನು ನಮ್ಮಲ್ಲಿ ಸಾಮಾನು ಒಯ್ಯುತ್ತಿದ್ದ. ಅವನೂ ಅವನ ಗೆಳೆಯರೂ ಸೇರಿ ಮಸಗುಪ್ಪಿಯ ಹತ್ತಿರ ಕಬ್ಬು ಕಡಿದ ಹೊಲದಲ್ಲಿ ಮಣ್ಣಿನ ದಿಬ್ಬ, ತಿರುವುಗಳನ್ನು ಮಾಡಿ ಬೈಕ್ ರೇಸ್ ಇಟ್ಟುಕೊಂಡಿದ್ದರು. ಅವರು ಗೊತ್ತು ಮಾಡಿದ್ದ ಫೋಟೋದವನಿಗೆ ಅದೇ ದಿನ ಮದುವೆಯ ಕೆಲಸ ಸಿಕ್ಕು ಅವನು ಕೈ ಎತ್ತಿದ್ದ. ಗ್ಯಾರೇಜಿನವನು ಗಲ್ಲೆಯ ಮುಂದೆ ನಿಂತು ಗೋಳು ಹೇಳಿಕೊಳ್ಳುತ್ತಿದ್ದಾಗ ಅತ್ತೆ ನನ್ನ ಕಡೆ ತಿರುಗಿಯೂ ನೋಡದೆ, “ನಮ್ಮ ಸೂನ ತೆಗಿತಾಳ” ಎಂದುಬಿಟ್ಟರು. ಸೂನ ಎಂದರೆ ಮರಾಠಿಯಲ್ಲಿ ಸೊಸೆ. ಕನ್ನಡದಲ್ಲಿ ಹೇಳಿದ್ದರೆ ನಾನು ಬಹುಶಃ ತಕರಾರು ಮಾಡುತ್ತಿದ್ದೆ.

ಮದುವೆ ಮನೆಯಲ್ಲಿ ಬಳಸುವ ಗಿಡ್ಡ ಲೆನ್ಸನ್ನೇ ಹಿಡಿದು ಹೋದೆ. ಅದರಲ್ಲಿ ಎರಡೇ ದಾರಿ. ದೂರ ನಿಂತರೆ ಬೈಕು ಚುಕ್ಕೆಯಾಗುತ್ತದೆ, ಹತ್ತಿರ ಹೋದರೆ ಹಿಂದಿನ ಚಕ್ರ ಎಬ್ಬಿಸಿದ ಹೆಂಟೆಗಳು ನೇರ ಮುಖಕ್ಕೆ ಬರುತ್ತವೆ. ನಾನು ಎರಡನ್ನೂ ಮಾಡಿದೆ. ಹತ್ತಿರದಿಂದ ತೆಗೆದವುಗಳಲ್ಲಿ ಒಂದು ಹೆಂಟೆ ಬಹಳ ಸ್ಪಷ್ಟವಾಗಿ ಬಂದಿತ್ತು. ಅದರಲ್ಲಿದ್ದ ಕಬ್ಬಿನ ಬೇರು ಕೂಡ ಕಾಣುತ್ತಿತ್ತು. ಬೈಕು ಇರಲಿಲ್ಲ. ಆದ್ದರಿಂದ ಫ್ಲೆಕ್ಸಿಗೆ ಚುಕ್ಕೆಗಳೇ ಗತಿಯಾದವು.

ನೊಣದ ಔಷಧದ ಹಿರಿಯರು ಹೋದ ಮೇಲೆ ನಾನು ಉದ್ದ ಲೆನ್ಸು ತಗೊಳ್ಳುವುದೆಂದು ನಿರ್ಧಾರ ಮಾಡಿದೆ. ಗಂಡ ಉತ್ಸಾಹದಿಂದ ಗ್ರಾಫ್ ಹಾಳೆ ತಂದರು. ಬೈಕಿನ ಉದ್ದ, ನಾನು ನಿಲ್ಲುವ ದೂರ, ಕ್ಯಾಮೆರಾದ ಒಳಗಿನ ಸೆನ್ಸರಿನ ಅಗಲ, ಎಲ್ಲ ಬರೆದುಕೊಂಡು ಒಂದು ರವಿವಾರ ಪೂರ್ತಿ ಲೆಕ್ಕ ಹಾಕಿ, ನನಗೆ ಬೇಕಾದದ್ದು ಮುನ್ನೂರ ನಲವತ್ತೇಳು ಮಿಲಿಮೀಟರಿನ ಲೆನ್ಸು ಎಂದು ಹೇಳಿದರು. ಅಂಥದ್ದನ್ನು ಯಾರೂ ಮಾಡುವುದಿಲ್ಲ ಎಂದೆ.

“ಹಂಗಾರ ಮಾಡವರದ ತಪ್ಪು” ಎಂದರು.

ಬೆಳಗಾವಿಯ ಕ್ಯಾಮೆರಾ ಅಂಗಡಿಯವನು ನನ್ನನ್ನು ನೋಡಿದ ಕೂಡಲೇ, “ಹಕ್ಕಿ ತೆಗಿತೀರೇನ್ರಿ ಮೇಡಂ?” ಎಂದು ಕೇಳಿದ.

“ಇಲ್ರಿ, ಬೈಕ್.”

“ಬೈಕಿನ ಮ್ಯಾಲೆ ಕುಂತ ಹಕ್ಕಿ?”

ಬೈಕ್ ರೇಸ್ ಎಂದು ಬಿಡಿಸಿ ಹೇಳಿದೆ. ಅವನು ನನ್ನ ಸೀರೆಯನ್ನೊಮ್ಮೆ, ಚಪ್ಪಲಿಯನ್ನೊಮ್ಮೆ ನೋಡಿ ಮೂರು ಲೆನ್ಸುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಒಂದು 70-300 ಮಿಲಿಮೀಟರಿನದು. ಹಗುರ, ಕೈಚೀಲದಲ್ಲಿ ಹಿಡಿಸುತ್ತದೆ. ಆದರೆ ದೂರಕ್ಕೆ ಎಳೆದಷ್ಟೂ ಕತ್ತಲಾಗುತ್ತದೆ. ರೇಸಿನ ಮುಖ್ಯ ಓಟಗಳೆಲ್ಲ ಸಂಜೆ ನಡೆಯುವುದರಿಂದ ನನಗೆ ಕತ್ತಲೆಯನ್ನು ಕೊಂಡುಕೊಳ್ಳುವ ಆಸೆ ಇರಲಿಲ್ಲ. ಇನ್ನೊಂದು 150-600, ತೋಫಿನ ಹಾಗೆ ಇತ್ತು. ಅದನ್ನು ಎತ್ತಿದಾಗ ಪಕ್ಕದ ಗಿರಾಕಿ ಎರಡು ಹೆಜ್ಜೆ ಹಿಂದೆ ಸರಿದ. ಮೂರನೆಯದು 70-200. ಅಷ್ಟು ದೂರ ಹೋಗದಿದ್ದರೂ ಉದ್ದಕ್ಕೂ ಒಂದೇ ಸಮನೆ ಬೆಳಕು ಒಳಗೆ ಬಿಡುವಂಥದ್ದು, ತೂಕ ಒಂದೂವರೆ ಕಿಲೋ. ಮೂರನ್ನೂ ಕ್ಯಾಮೆರಾಕ್ಕೆ ಹಾಕಿ ಹಾಕಿ ರಸ್ತೆಯ ಆಟೋಗಳನ್ನು ನೋಡಿದೆ. ಮೂರೂ ಬೇಕೆನಿಸಿತು. ಒಂದನ್ನೂ ತಗೊಳ್ಳದೆ ಬಂದೆ.

ಅದೇ ವಾರ ಹಿಡಕಲ್ಲಿನಿಂದ ಒಬ್ಬ ನಿವೃತ್ತ ನೌಕರರು ಪಿಂಚಣಿ ಕಾಗದಕ್ಕೆ ಫೋಟೋ ತೆಗೆಸಲು ಬಂದರು. ಅಣೆಕಟ್ಟಿನ ಗೇಟು ಏರಿಸಿ ಇಳಿಸುವ ಕೆಲಸ ಮಾಡಿ, ಈಗ ಹಿನ್ನೀರಿನ ದಂಡೆಯಲ್ಲಿ ಹಕ್ಕಿಗಳ ಫೋಟೋ ತೆಗೆಯುತ್ತ ಕಾಲ ಕಳೆಯುವವರು. ನನ್ನ ಲೆನ್ಸಿನ ಚಿಂತೆ ಕೇಳಿ, “ನನ್ನ ಹತ್ರ ಆ ದೊಡ್ಡದು ಐತಿ. ಒಂದಿನ ಬಂದು ಹಾಕಿ ನೋಡ್ರಿ. ಹಾಕದನ ತಗೊಂಡು ಆಮ್ಯಾಲೆ ಅಳಬ್ಯಾಡ್ರಿ” ಎಂದರು.

ನಾನು ಹೊರಟಾಗ ಅತ್ತೆಯೂ ಸೀರೆ ಉಟ್ಟು ನಿಂತಿದ್ದರು. “ಡ್ಯಾಮ್ ನೋಡಿ ಭಾಳ ವರ್ಷ ಆತು” ಎಂಬುದು ಕಾರಣ. ಅಲ್ಲಿ ಹೋದ ಮೇಲೆ ಅವರು ಡ್ಯಾಮಿಗೆ ಬೆನ್ನು ಹಾಕಿ ಕುಳಿತು ರಸ್ತೆಯ ಗಾಡಿಗಳನ್ನೇ ನೋಡಿದರು.

ನಾನು ಆ ತೋಫನ್ನು ಕ್ಯಾಮೆರಾಕ್ಕೆ ಹಾಕಿ ರಸ್ತೆ ಬದಿಯಲ್ಲಿ ನಿಂತೆ. ಹುಕ್ಕೇರಿ ಕಡೆಯಿಂದ ಒಂದು ಬಸ್ಸು ಬಂತು. ಒತ್ತಿದೆ. ಬಸ್ಸು ಬರಲಿಲ್ಲ, ಡ್ರೈವರನ ಮೀಸೆ ಬಂತು. ಇನ್ನೊಂದಕ್ಕೆ ಒತ್ತಿದೆ, ಅದರಲ್ಲಿ ಮೀಸೆಯೂ ಅರ್ಧವೇ ಬಂತು. ಗಾಡಿ ಎಲ್ಲಿದೆ ಎಂದು ಹುಡುಕುವುದರೊಳಗೆ ಅದು ಹೋಗಿ ಮುಂದಿನ ಊರು ಸೇರಿರುತ್ತಿತ್ತು. ಅರ್ಧ ತಾಸಿಗೆ ಭಾರ ತಾಳದೆ ತೋಫನ್ನು ಕಟ್ಟೆಯ ಮೇಲೆ ಇಳಿಸಿದೆ.

“ಇದು ನಿಮ್ಮ ಕೆಲಸಕ್ಕ ಅಲ್ರಿ” ಎಂದರು ಹಕ್ಕಿಯವರು. “ಹಕ್ಕಿ ಎಲ್ಲಿ ಕುಂದರತೈತಿ ಅಂತ ನನಗೆ ಗೊತ್ತಿರೂದಿಲ್ಲ, ಹತ್ರ ಹೋದ್ರ ಹಾರಿ ಹೋಗತೈತಿ. ನಿಮ್ಮ ಬೈಕ್ ಹಂಗಲ್ಲ. ಅದ ದಾರಿ, ಅದ ತಿರುವು, ಹತ್ತು ಸಲ ಬರತೈತಿ. ನೀವ ಎದ್ದು ನಾಕ ಹೆಜ್ಜಿ ಹತ್ರ ಹೋಗಿ ನಿಂದ್ರಬಹುದು. ನಾಕ ಹೆಜ್ಜಿ ಉಳಿಸಾಕ ಇಷ್ಟು ಭಾರ ಯಾಕ ಹೊರ್ತೀರಿ?”

ರಸ್ತೆ ನೋಡುತ್ತಿದ್ದ ಅತ್ತೆ ಎದ್ದು ಬಂದು ಆ ಲೆನ್ಸನ್ನು ಕೈಗೆ ತೆಗೆದುಕೊಂಡರು. ಅದರ ಉಂಗುರ ತಿರುಗಿಸಿದರೆ ಮೂತಿ ಉದ್ದವಾಗಿ ಹೊರಗೆ ಬರುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಒಳಗೆ ಹೋಗುತ್ತದೆ. ಅವರು ನಾಲ್ಕು ಸಲ ಹೊರಗೆ, ನಾಲ್ಕು ಸಲ ಒಳಗೆ ಮಾಡಿ, ಮೂತಿಯ ಬುಡಕ್ಕೆ ಗಲ್ಲ ಹಚ್ಚಿ ಹಿಡಿದರು.

“ಇದು ಸೈಕಲ್ ಪಂಪ್ ಇದ್ದಂಗ ಐತೆಲ್ಲ. ಗಾಳಿ ಎಳಕೋತೈತಿ ನೋಡು. ಮೂಡಲಗ್ಯಾಗ ಹಿಡದ್ರ ಧೂಳು ಎಳಕೊಳ್ಳೂದಿಲ್ಲೇನು?”

ಹಕ್ಕಿಯವರ ಮುಖ ಒಂದು ಥರ ಆಯಿತು. ಲೆನ್ಸನ್ನು ಇಸಿದುಕೊಂಡು ಬಿಸಿಲಿಗೆ ಹಿಡಿದು ಒಳಗೆ ಇಣುಕಿದರು. ಬಹಳ ಹೊತ್ತು ನೋಡಿ ಕೆಳಗಿಳಿಸಿ, ಸಣ್ಣ ದನಿಯಲ್ಲಿ, “ಮೂರ ವರ್ಷದಿಂದ ನಾ ಇದನ್ನ ಮುಂಜಾನಿ ಮಂಜು ಅಂತ ತಿಳದಿದ್ನಿ” ಎಂದರು.

ನನಗೆ ಬೆಳಗಾವಿಯ ಮೇಜಿನ ಮೇಲಿನ ಮೂರನ್ನೂ ಮನಸ್ಸಿನಲ್ಲೇ ತಿರುಗಿಸಿ ನೋಡಿಕೊಳ್ಳಬೇಕಾಯಿತು. 70-300ರ ಮೂತಿಯೂ ಹೊರಗೆ ಬರುತ್ತಿತ್ತು. 70-200 ಮಾತ್ರ ಇದ್ದಷ್ಟೇ ಇರುತ್ತಿತ್ತು. ಅದರ ಚಲನೆಯೆಲ್ಲ ಒಳಗೇ. ಅಂಗಡಿಯವನು ಹೇಳದ, ಗ್ರಾಫ್ ಹಾಳೆಯಲ್ಲಿ ಸಿಗದ ಈ ಮಾತನ್ನು ಪಂಪು ಮಾರುವ ಹೆಂಗಸು ಗಲ್ಲದಿಂದ ಕಂಡುಹಿಡಿದಿದ್ದರು.

ಹೊಸ 70-200 ನನ್ನ ಕೈಗೆ ಎಟುಕುವಂತಿರಲಿಲ್ಲ. ಸಂಕೇಶ್ವರದ ಒಬ್ಬ ಮದುವೆ ಫೋಟೋದವರು ಹೆಗಲು ನೋವಿಗೆ ಸೋತು ತಮ್ಮದನ್ನು ಮಾರುತ್ತಿದ್ದಾರೆಂದು ತಿಳಿಯಿತು. ಹೋಗಿ ನೋಡಿದರೆ ಲೆನ್ಸು ಅವರಿಗಿಂತ ಆರೋಗ್ಯವಾಗಿತ್ತು. ಅವರು ಅದನ್ನು ಅರಿವೆಯಲ್ಲಿ ಒರೆಸಿ ಒರೆಸಿ, ಬಿಟ್ಟುಕೊಡಲಾರದೆ ಕೊಟ್ಟರು. ಜೊತೆಗೆ ಅರ್ಧ ಖಾಲಿಯಾದ ನೋವಿನ ಮುಲಾಮಿನ ಟ್ಯೂಬನ್ನೂ ಚೀಲಕ್ಕೆ ಹಾಕಿದರು.

ಇನ್ನು ಅಭ್ಯಾಸ. ಬೆಳಿಗ್ಗೆ ಮಮದಾಪುರದ ರಸ್ತೆಯಲ್ಲಿ ಒಂದು ಬೇವಿನ ಮರದ ಕೆಳಗೆ ನಿಲ್ಲತೊಡಗಿದೆ. ಆ ಹೊತ್ತಿಗೆ ಅಲ್ಲಿ ವೇಗವಾಗಿ ಬರುತ್ತಿದ್ದುದು ಹಾಲಿನವನ ಬೈಕು ಒಂದೇ. ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು ಹಾರಿಸಿಕೊಂಡು ಬರುತ್ತಿದ್ದ. ಮೊದಲ ದಿನ ಕ್ಯಾಮೆರಾದ ಶಟರು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತು ಮಾತ್ರ ತೆರೆಯುವಂತೆ ಇಟ್ಟು ತೆಗೆದೆ. ಕ್ಯಾನಿನ ಮುಚ್ಚಳದ ತುಕ್ಕು ಕೂಡ ಎಣಿಸುವಂತೆ ಬಂತು. ಹೆಮ್ಮೆಯಿಂದ ಮೂಡಲಗಿಯ ಗ್ಯಾರೇಜಿನವನಿಗೆ ಮೊಬೈಲಿನಲ್ಲಿ ಕಳಿಸಿದೆ. ಅವನು ಫೋನ್ ಮಾಡಿ, “ಚಲೋ ಬಂದೈತ್ರಿ ವೈನಿ. ಆದ್ರ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ತೆಗದಂಗ ಐತಿ” ಎಂದ.

ನಿಜವಾಗಿಯೂ ಹಾಗೇ ಇತ್ತು. ಚಕ್ರದ ಕಡ್ಡಿಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಓಡುವ ಚಕ್ರದ ಕಡ್ಡಿ ಯಾರಿಗಾದರೂ ಕಾಣುತ್ತದೆಯೇ? ಹಾಗಾಗಿ ಮರುದಿನದಿಂದ ವೇಗ ಇಳಿಸಿ, ನೂರಾ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ತಂದು, ಬೈಕಿನ ಜೊತೆಗೇ ಸೊಂಟದಿಂದ ತಿರುಗುತ್ತ ಒತ್ತುವುದನ್ನು ರೂಢಿಸಿಕೊಂಡೆ. ಸರಿಯಾಗಿ ತಿರುಗಿದರೆ ಸವಾರ ಸ್ಪಷ್ಟ, ಚಕ್ರ ಮಸುಕು, ಹಿಂದಿನ ಹೊಲವೆಲ್ಲ ಎಳೆದ ಗೆರೆ. ತಪ್ಪು ತಿರುಗಿದರೆ ಎಲ್ಲವೂ ಮಸುಕು. ಮೊದಲ ಎರಡು ವಾರ ನಾನು ಮಮದಾಪುರವನ್ನು ಬಹಳ ಸಲ ಅಳಿಸಿ ಹಾಕಿದೆ.

ಅಷ್ಟರಲ್ಲಿ ಹಾಲಿನವನು ಕೆಟ್ಟ. ನನ್ನ ಮರ ಬಂದ ಕೂಡಲೇ ವೇಗ ತಗ್ಗಿಸಿ ಎದೆ ಉಬ್ಬಿಸತೊಡಗಿದ. ಆಮೇಲೆ ಇಸ್ತ್ರಿ ಮಾಡಿದ ಅಂಗಿ ಬಂತು. ಒಂದು ದಿನ ತಲೆಗೆ ಕಪ್ಪು ಹಚ್ಚಿಕೊಂಡು, ಹೆಂಡತಿಯನ್ನು ಕ್ಯಾನುಗಳ ನಡುವೆ ಕೂರಿಸಿಕೊಂಡು ಬಂದು, ಸರಿಯಾಗಿ ನನ್ನ ಮುಂದೆ ನಿಲ್ಲಿಸಿದ.

ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ, “ನಿಲ್ಲಬ್ಯಾಡಪಾ, ಜೋರ ಹೋಗು. ನಿಂತದ್ದು ತೆಗ್ಯಾಕ ಆಕಿಗೆ ಸ್ಟುಡಿಯೋ ಐತಿ” ಎಂದರು.

“ಜೋರ ಹ್ವಾದ್ರ ಮುಖ ಬರೂದಿಲ್ರಿ ಆಯಿ.”

“ಮುಖ ಯಾರಿಗೆ ಬೇಕಾಗೇತಿ? ನಿನ್ನ ಹಿಂದಿನ ಗಾಲಿ ಒಂದ ಕಡೆ ವಾಲಾಕತ್ತೈತಿ. ಅಂಗಡಿಗೆ ಬಾ.”

ಮುಂದಿನ ಚಳಿಗಾಲದ ರೇಸು ಹುಕ್ಕೇರಿಯ ಹೊರಗೆ ನಡೆಯಿತು. ಈ ಸಲ ಎರಡು ವಿಭಾಗ: ಊರಿನ ಸುತ್ತಲಿನವರಿಗೆ ಒಂದು, ಹೊರಗಿನವರೂ ಸೇರಿ ಎಲ್ಲರಿಗೂ ಇನ್ನೊಂದು. ಬೆಳಿಗ್ಗೆ ಹೋದ ಕೂಡಲೇ ಕೆಂಪು ಬಾವುಟ ಹಿಡಿದ ಸ್ವಯಂಸೇವಕನೊಬ್ಬ ನಮ್ಮಿಬ್ಬರನ್ನೂ ಹೆಣ್ಣುಮಕ್ಕಳ ಪೆಂಡಾಲಿಗೆ ಕಳಿಸಲು ನೋಡಿದ. ಅತ್ತೆ ಅವನ ಬೈಕ್ ಯಾವುದು ಎಂದು ಕೇಳಿದರು. ತೋರಿಸಿದ. ಅವರು ಅದರ ಬಗ್ಗೆ ಎರಡು ನಿಮಿಷ ಮಾತಾಡಿದರು. ಆ ಮೇಲೆ ಅವನೇ ನನ್ನ ಚೀಲ ಹೊತ್ತು ಟ್ರ್ಯಾಕಿನವರೆಗೆ ಬಂದ.

ಎಲ್ಲಿ ನಿಲ್ಲಬೇಕೆಂದು ಆರಿಸಿದ್ದೂ ಅವರೇ. ಅಭ್ಯಾಸದ ಓಟಗಳು ನಡೆಯುತ್ತಿದ್ದಾಗ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತ ಸುತ್ತಲೂ ನಡೆದು, ಒಂದು ಎಡ ತಿರುವಿನ ಹತ್ತಿರ ನಿಂತರು. “ಎಲ್ಲಾರೂ ಇಲ್ಲೇ ಗೇರ್ ಇಳಸಾಕತ್ತಾರ. ಇಲ್ಲೇ ನಿಂದ್ರು.” ಹಳೆಯ ಟೈರುಗಳನ್ನು ಪೇರಿಸಿದ ಗೋಡೆಯ ಹಿಂದೆ ನಿಂತೆ. ಹಕ್ಕಿಯವರು ಹೇಳಿದ ನಾಲ್ಕು ಹೆಜ್ಜೆಗಿಂತ ಹತ್ತು ಹೆಚ್ಚು ಹತ್ತಿರ. 70-200ಕ್ಕೆ ಬೈಕು ಚೌಕಟ್ಟಿನ ತುಂಬ ಬರುತ್ತಿತ್ತು.

ಊಟಕ್ಕೆ ಮುಂಚೆ ಹುಕ್ಕೇರಿಯಲ್ಲಿ ಔಷಧ ಅಂಗಡಿ ಇಟ್ಟಿರುವ ಒಬ್ಬರು ಸಿಕ್ಕರು. ನಲವತ್ತು ದಾಟಿದವರು, ಹಳೆಯ ಟೂ-ಸ್ಟ್ರೋಕ್ ಬೈಕಿನಲ್ಲಿ ಊರಿನವರ ವಿಭಾಗದಲ್ಲಿ ಓಡಿಸುತ್ತಿದ್ದರು.

“ಅಕ್ಕಾರ, ಹ್ವಾದ ವರ್ಷದ ಫ್ಲೆಕ್ಸಿನ್ಯಾಗ ನಾನೂ ಇದ್ನಿ. ನಡುವಿನ ಚುಕ್ಕಿ. ಮನ್ಯಾಗ ಯಾರೂ ಖರೆ ಅನಲಿಲ್ಲ. ಈ ಸಲ ಮುಖ ಬರುವಂಗ ತೆಗೀರಿ.”

“ಹೆಲ್ಮೆಟ್ ಹಾಕ್ಕೊಂಡ್ರ ಮುಖ ಹೆಂಗ ಬರತೈತ್ರಿ?” ಎಂದೆ ನಾನು. ನಗಲೆಂದು ಹೇಳಿದ್ದು. ಅವರು ನಗಲಿಲ್ಲ, ತಲೆಯಾಡಿಸಿ ಹೋದರು.

ಅವರ ಓಟದ ಮೂರನೆಯ ಸುತ್ತಿನಲ್ಲಿ ಅವರು ಎರಡನೆಯವರಾಗಿದ್ದರು. ಚೆನ್ನಾಗಿಯೇ ಓಡಿಸುತ್ತಿದ್ದರು. ನನ್ನ ತಿರುವಿಗೆ ಬಂದಾಗ ನನ್ನ ಲೆನ್ಸು ಅವರಿಗೆ ಕಂಡಿತು. ಎಡಗೈ ಹ್ಯಾಂಡಲ್ ಬಿಟ್ಟು ಮೇಲೆದ್ದು ಹೆಲ್ಮೆಟಿನ ಗಾಜನ್ನು ಮೇಲಕ್ಕೆ ಸರಿಸಿತು. ಅದೇ ಕ್ಷಣಕ್ಕೆ ಮುಂದಿನ ಬೈಕಿನ ಚಕ್ರದಿಂದ ಎದ್ದ ಮಣ್ಣು ಅಷ್ಟೂ ತೆರೆದ ಕಿಟಕಿಯೊಳಗೆ ಹೋಯಿತು. ಬೈಕು ತಿರುವನ್ನು ಬಿಟ್ಟು ನೆಟ್ಟಗೆ ಹೋಗಿ, ನೀರು ಹೊಡೆದು ಕೆಸರು ಮಾಡಿದ್ದ ಜಾಗದಲ್ಲಿ ಮಲಗಿತು. ಅವರು ಅದರಾಚೆ ಜಾರಿ ಹೋಗಿ ಕೂತರು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಅಷ್ಟೂ ಹೊತ್ತು ನನ್ನ ಬೆರಳು ಗುಂಡಿಯ ಮೇಲಿಂದ ಏಳಲಿಲ್ಲ. ಒಬ್ಬ ಮನುಷ್ಯ ನನ್ನ ಮಾತಿನಿಂದಾಗಿ ಬೀಳುತ್ತಿದ್ದಾನೆ ಎಂಬುದು ತಲೆಗೆ ಹೊಕ್ಕಿತ್ತು. ಕೈಗೆ ಮಾತ್ರ ಹೊಕ್ಕಿರಲಿಲ್ಲ. ಅವರು ಕೂತ ಮೇಲೂ ಒಂದು ತೆಗೆದೇ ಕ್ಯಾಮೆರಾ ಇಳಿಸಿದೆ. ಆಮೇಲೆ ಬಾವುಟದವರ ಹಿಂದೆ ಓಡಿದೆ.

ಅವರಿಗೆ ಏನೂ ಆಗಿರಲಿಲ್ಲ. ಬಾಯಿಯ ಮಣ್ಣು ಉಗುಳಿ ಮೊದಲು ಕೇಳಿದ್ದು, “ಬಂತೇನ್ರಿ ಮುಖ?”

ಅಲ್ಲೇ ಕೂತು ಒಂದೊಂದಾಗಿ ತೋರಿಸಿದೆ. ಹನ್ನೊಂದು ಫೋಟೋ. ಮುಖ ಬಂದಿತ್ತು, ಮೂಗಿನ ಮೇಲಿನ ಮಚ್ಚೆಯೂ ಬಂದಿತ್ತು. ಹನ್ನೊಂದರಲ್ಲೂ ಕಣ್ಣು ಮುಚ್ಚಿದ್ದರು. ಹದಿನೆಂಟು ವರ್ಷ ಸ್ಟೂಲಿನ ಮೇಲೆ ಕೂತವರಿಗೆ ಹೇಳಿದ ಮಾತನ್ನು ಓಡುವ ಬೈಕಿನ ಮೇಲಿದ್ದವರಿಗೆ ಹೇಳುವುದು ಹೇಗೆ? ಹನ್ನೆರಡನೆಯದು, ಕೆಸರಿನಲ್ಲಿ ಕೂತದ್ದು. ಅದರಲ್ಲಿ ಎರಡೂ ಕಣ್ಣು ಅಗಲವಾಗಿ ತೆರೆದಿದ್ದವು.

“ಇದನ್ನ ಕೊಡ್ರಿ” ಎಂದರು.

“ಇದರಾಗ ನೀವು ಬೈಕಿನ ಮ್ಯಾಲೆ ಇಲ್ಲಲ್ರಿ.”

“ಬಾಜೂಕ ಐತೆಲ್ಲ ಬೈಕು. ಸಾಕು. ಮತ್ತ ನನ್ನ ಹೆಂಡತಿಗೆ ಇದ ನಂಬಿಕಿ ಆಗತೈತಿ.”

ಅದು ಈಗಲೂ ಅವರ ಅಂಗಡಿಯಲ್ಲಿ, ಕೆಮ್ಮಿನ ಸಿರಪ್ಪುಗಳ ಮೇಲೆ, ಚೌಕಟ್ಟು ಹಾಕಿಸಿಕೊಂಡು ಇದೆ. ನೋಡಿದಾಗಲೆಲ್ಲ ನನ್ನ ಹೆಲ್ಮೆಟಿನ ಮಾತು ನೆನಪಾಗುತ್ತದೆ, ಸ್ವಲ್ಪ ಖುಷಿಯೂ ಆಗುತ್ತದೆ.

ಮುಖ್ಯ ಓಟ ತಡವಾಯಿತು. ಸೂರ್ಯ ಇಳಿಯುತ್ತಿದ್ದ. ಎಲ್ಲರೂ ಟ್ರ್ಯಾಕಿನ ಕಡೆ ಒತ್ತರಿಸುತ್ತಿದ್ದಾಗ ಅತ್ತೆ ಕುರ್ಚಿ ತಿರುಗಿಸಿ ಪಡುವಣಕ್ಕೆ ಮುಖ ಮಾಡಿ ಡಬ್ಬಿ ಬಿಚ್ಚಿದರು. ಚಪಾತಿ, ಹೆಸರುಕಾಳಿನ ಪಲ್ಯ, ಬೆಳ್ಳುಳ್ಳಿ ಹಾಕದ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ. ರೇಸು ಕಾಯಬಹುದು, ಸೂರ್ಯ ಕಾಯುವುದಿಲ್ಲ ಎಂಬುದು ಅವರ ಲೆಕ್ಕ. ಔಷಧ ಅಂಗಡಿಯವರನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಕಿವಿಯಲ್ಲಿ ಕೆಸರು ಹಾಗೇ ಇದ್ದ ಅವರು ಗಬಗಬ ತಿನ್ನುತ್ತಿದ್ದರು, ಅತ್ತೆ ಒಂದೇ ಕೈಯಲ್ಲಿ ಡಬ್ಬಿ ಹಿಡಿದು ಅವರಿಗೆ ಬ್ರೇಕಿನ ವಿಷಯ ಹೇಳುತ್ತಿದ್ದರು.

ನಾನು ಒಬ್ಬಳೇ ಟೈರುಗಳ ಹಿಂದೆ ಹೋಗಿ ನಿಂತೆ. ಬೆಳಕು ಹಳದಿಯಾಗಿ, ಧೂಳು ಅದರಲ್ಲಿ ತೇಲುತ್ತಿತ್ತು. ಪಕ್ಕದಲ್ಲಿದ್ದ ಇನ್ನೊಬ್ಬ ಫೋಟೋದವನು ತನ್ನ 70-300ನ್ನು ತಿರುಗಿಸಿ, ಕತ್ತಲಾಯಿತೆಂದು ಬೈದುಕೊಂಡು ಚೀಲಕ್ಕೆ ಹಾಕಿದ. ನನ್ನದರಲ್ಲಿ ಇನ್ನೂ ಬೆಳಕಿತ್ತು. ನಾಲ್ಕನೆಯ ಸುತ್ತಿನಲ್ಲಿ ಕೊಲ್ಹಾಪುರದ ಸವಾರ ಮುಂದೆ, ಗೋವಾದವನು ಅವನ ಹಿಂದೆಯೇ, ಇಬ್ಬರೂ ಒಂದೇ ಕೋನಕ್ಕೆ ವಾಲಿ ಬಂದರು. ಸೊಂಟದಿಂದ ತಿರುಗಿದೆ. ಅದು ಸರಿಯಾಯಿತೆಂದು ನೋಡುವ ಮೊದಲೇ ಗೊತ್ತಾಯಿತು.

ಹಿಂದೆ ಬಂದು ಪರದೆಯ ಮೇಲೆ ತೋರಿಸಿದೆ. ಔಷಧ ಅಂಗಡಿಯವರು ಚಪಾತಿ ಕೆಳಗಿಟ್ಟು, “ಅಯ್ಯೋ ಅಕ್ಕಾರ” ಎಂದರು. ಚಕ್ರಗಳು ಗಾಳಿಯಂತೆ, ಹಿಂದೆ ಜನವೆಲ್ಲ ಗೆರೆಗಳಾಗಿ, ನಡುವೆ ಕೊಲ್ಹಾಪುರದ ಸವಾರನ ಹೆಗಲು, ಮೊಣಕಾಲು, ಗಾಜಿನ ಹಿಂದಿನ ಕಣ್ಣು ಅಚ್ಚು ಒತ್ತಿದಂತೆ. ಅತ್ತೆ ಕೈ ತೊಳೆದು, ಕನ್ನಡಕ ಹಾಕಿಕೊಂಡು, ನನ್ನ ಕೈಯಿಂದ ಕ್ಯಾಮೆರಾ ತಗೊಂಡರು. ದೊಡ್ಡದು ಮಾಡಲು ಹೇಳಿದರು. ಮಾಡಿದೆ. ಇನ್ನೂ ದೊಡ್ಡದು ಎಂದರು.

“ಇವಂದು ಚೈನ್ ಸಡ್ಲ ಐತಿ” ಎಂದರು.

ಆ ಹೊತ್ತಿಗೆ ಓಟ ಮುಗಿದು ಕೊಲ್ಹಾಪುರದವನೇ ಗೆದ್ದಿದ್ದ. ಟ್ರೋಫಿ ಕೊಟ್ಟಾಗಿತ್ತು, ಗೆಳೆಯರು ಹೆಗಲ ಮೇಲೆ ಎತ್ತಿ ಇಳಿಸಿದ್ದರು. ಅತ್ತೆ ನನ್ನ ಕ್ಯಾಮೆರಾ ಹಿಡಿದುಕೊಂಡೇ ಗುಂಪು ಸೀಳಿ ಹೋಗಿ ಅವನ ಮುಂದೆ ನಿಂತು, ಮರಾಠಿಯಲ್ಲಿ ಮಾತಾಡತೊಡಗಿದರು. ಅವನು ಮೊದಲು ಆಶೀರ್ವಾದವೆಂದು ತಿಳಿದು ಬಗ್ಗಿದ. ಆಮೇಲೆ ಪರದೆ ನೋಡಿ, ಟ್ರೋಫಿಯನ್ನು ಗೆಳೆಯನ ಕೈಗೆ ಕೊಟ್ಟು, ಬೈಕಿನ ಹತ್ತಿರ ಕೂತು ಚೈನನ್ನು ಬೆರಳಿನಿಂದ ಎತ್ತಿ ನೋಡಿದ. ಅದು ಎರಡು ಬೆರಳು ಮೇಲಕ್ಕೆ ಬಂತು.

“ಖರೆ ಐತ್ರಿ ಆಯಿ” ಎಂದ ಅವನು ಕನ್ನಡದಲ್ಲೇ, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು, ತಲೆ ತಗ್ಗಿಸಿ.

ಅವರು ಬೈಯುವುದನ್ನು ಇನ್ನೂ ಮುಗಿಸಿರಲಿಲ್ಲ. ನಾನು ಮಡಚುವ ಕುರ್ಚಿ, ಡಬ್ಬಿ, ಲೆನ್ಸಿನ ಚೀಲ ಎಲ್ಲ ಎತ್ತಿಕೊಂಡು ಕಾರಿನ ಕಡೆ ನಡೆದೆ. ಎಡ ಹೆಗಲು ಸಿಡಿಯುತ್ತಿತ್ತು. ಸಂಕೇಶ್ವರದವರ ಮುಲಾಮು ಚೀಲದಲ್ಲೇ ಇತ್ತು.